ಅಬ್ಬಾ ಎರಡು ಸಲ ತೊಳೆದ ಮೆಷರ್

ಆ ಯಂತ್ರ ನಮ್ಮ ಮನೆಗೆ ಬಂದದ್ದು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ಅಬ್ಬಾನ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಕೂತು. ಸಹಕಾರನಗರದಿಂದ ಅಲ್ಲಾಳಸಂದ್ರದವರೆಗೆ ಅಬ್ಬಾ ಎರಡೂ ಕಾಲು ಹೊರಗೆ ಚಾಚಿಕೊಂಡೇ ಗಾಡಿ ಓಡಿಸಿದ್ದರಂತೆ. ಗೇಟಿನ ಮುಂದೆ ಹಾರ್ನ್ ಹೊಡೆದು ನನ್ನನ್ನು ಕರೆದರು.

"ಎರಡೂ ಕೈಯಲ್ಲಿ ಹಿಡ್ಕೋ. ಎರಕದ ಕಬ್ಬಿಣ, ಬಿದ್ರೆ ಬಿರುಕು ಬಿಡತ್ತೆ."

ಅಮ್ಮಿ ಬಾಗಿಲಲ್ಲಿ ನಿಂತು, "ಅದೇನು, ಮಿಕ್ಸಿಯಾ?" ಎಂದರು. ಬಿಚ್ಚಿ ನೋಡಿದಾಗ ಅಮ್ಮಿ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಹಸಿರು ಬಣ್ಣದ ಗಟ್ಟಿ ಮೈ, ಅದರ ಮೇಲೆ ಒಳಗಿನದು ಕಾಣುವಂಥ ಉದ್ದನೆಯ ಪ್ಲಾಸ್ಟಿಕ್ ಡಬ್ಬಿ, ಪಕ್ಕದಲ್ಲೊಂದು ಹಿಡಿಕೆ, ಕೆಳಗೆ ಬೆರಳು ದಪ್ಪದ ಕೊಳವೆ. ಮೈಯೊಳಗೆ ಅಡ್ಡಕ್ಕೆ ತಿರುಗುವ ಉಕ್ಕಿನ ಉರುಳೆ, ಆ ಉರುಳೆಯಲ್ಲಿ ಒಂದು ಗುಳಿ. ಡಬ್ಬಿಗೆ ಬಂದೂಕಿನ ಮದ್ದು ತುಂಬಿ ಹಿಡಿಕೆ ಎತ್ತಿದರೆ ಗುಳಿ ತುಂಬುತ್ತದೆ, ಇಳಿಸಿದರೆ ಅಷ್ಟೇ ಮದ್ದು ಕೊಳವೆಯಿಂದ ತೋಟಾದೊಳಗೆ ಬೀಳುತ್ತದೆ. ಗುಳಿಯ ಆಳವನ್ನು ಹೆಚ್ಚು ಕಡಿಮೆ ಮಾಡಲು ಒಂದು ತಿರುಪು ಇದೆ. ಪೌಡರ್ ಮೆಷರ್ ಎಂದು ಅದರ ಹೆಸರು. ಕ್ಲಬ್ಬಿನಲ್ಲಿ ಎಲ್ಲರೂ ಬರೀ ಮೆಷರ್ ಎನ್ನುತ್ತಿದ್ದರು. ನಮ್ಮ ಮನೆಯಲ್ಲೂ ಅದೇ ಹೆಸರು ನಿಂತಿತು.

ಅಬ್ಬಾ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಮಕ್ಕಳಿಗೆ ಎನ್‌ಸಿಸಿ ಕಲಿಸುತ್ತಲೇ ಅವರಿಗೆ ರೈಫಲ್ಲಿನ ಹುಚ್ಚು ಹತ್ತಿತು. ನಿವೃತ್ತಿಯಾದ ಮೇಲೆ ಚಿಕ್ಕಜಾಲದಿಂದಾಚೆ ಇರುವ ಒಂದು ಶೂಟಿಂಗ್ ಕ್ಲಬ್ಬಿಗೆ ಸೇರಿ, ಭಾನುವಾರ ಬಂದರೆ ಸಾಕು, ಅಲ್ಲಿ ಹೊಟ್ಟೆಯ ಮೇಲೆ ಮಲಗಿ ದೂರದ ಕಾಗದಕ್ಕೆ ಗುರಿ ಇಡುತ್ತಿದ್ದರು. ಅವರ ವಯಸ್ಸಿನ ಉಳಿದವರು ಮೊಣಕಾಲು ನೋವೆಂದು ಕುರ್ಚಿ ಕೇಳುವಾಗ ಅಬ್ಬಾ ನೆಲಕ್ಕೆ ಮಲಗಿ ಏಳುತ್ತಿದ್ದರು. ಸ್ಪರ್ಧೆಗೆ ಇಳಿಯುವವರಲ್ಲಿ ಕೆಲವರು ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೋಶವನ್ನು ಬಿಸಾಡುವುದಿಲ್ಲ. ಅದಕ್ಕೆ ಮತ್ತೆ ಮದ್ದು ಹಾಕಿ, ಗುಂಡು ಕೂರಿಸಿ ಬಳಸುತ್ತಾರೆ. ಪ್ರತಿ ತೋಟಾದಲ್ಲೂ ಮದ್ದು ಒಂದೇ ಸಮ ಇದ್ದರೆ ಗುಂಡು ಒಂದೇ ಜಾಗಕ್ಕೆ ಹೋಗುತ್ತದೆ. ಅಂಗಡಿಯ ತೋಟಾದಲ್ಲಿ ಆ ಭರವಸೆ ಇಲ್ಲ ಎಂದು ಅಬ್ಬಾ ಹೇಳುತ್ತಿದ್ದರು. ಇದಕ್ಕೆ ಬಂದೂಕಿನ ಲೈಸೆನ್ಸ್ ಸಾಲದು, ಬೇರೆಯೇ ಅನುಮತಿ ಬೇಕು. ಅಬ್ಬಾ ಓಡಾಡಿ ಅದನ್ನೂ ಮಾಡಿಸಿಕೊಂಡಿದ್ದರು. ಅಲ್ಲಿಯವರೆಗೆ ಅವರು ಚಮಚದಲ್ಲಿ ಮದ್ದು ತೆಗೆದು, ಪುಟ್ಟ ತಕ್ಕಡಿಯಲ್ಲಿ ತೂಗಿ, ಒಂದೊಂದೇ ತೋಟಾ ತುಂಬುತ್ತಿದ್ದರು.

ಮೆಷರ್ ಕೊಟ್ಟವರು ಕ್ಲಬ್ಬಿನ ಹಿರಿಯ ಸದಸ್ಯರು, ಸೈನ್ಯದಿಂದ ನಿವೃತ್ತರಾದವರು. ಎಲ್ಲರಿಗೂ ಅವರು ಕರ್ನಲ್ ಸಾಹೇಬರು. ಕಣ್ಣು ಮಂಜಾಗಿ ಶೂಟಿಂಗ್ ಬಿಟ್ಟ ಮೇಲೆ, "ನೀವು ಉಪಯೋಗಿಸಿ ಮೇಷ್ಟ್ರೇ, ನನ್ನ ಗ್ಯಾರೇಜಲ್ಲಿ ಸುಮ್ನೆ ಬಿದ್ದಿದೆ" ಎಂದು ಎತ್ತಿಕೊಟ್ಟಿದ್ದರು. ತುಕ್ಕು ಹಿಡಿಯಬಾರದೆಂದು ಒಳಗೂ ಹೊರಗೂ ಗ್ರೀಸ್ ಮೆತ್ತಿ ಇಟ್ಟಿದ್ದರಿಂದ ಮುಟ್ಟಿದರೆ ಕೈಯೆಲ್ಲ ಅಂಟು.

ಮುಂದಿನ ಭಾನುವಾರ ಬೆಳಗ್ಗೆ ಅಬ್ಬಾ ಕ್ಲಬ್ಬಿಗೆ ಹೋಗಲಿಲ್ಲ. ಮಹಡಿಯ ಮೇಲೆ ಹಳೆಯ ಪೇಪರ್ ಹಾಸಿ, ಎರಡು ಬಕೆಟ್ ನೀರು, ಸೋಪು, ಸವೆದ ಹಲ್ಲುಜ್ಜುವ ಬ್ರಶ್ಶುಗಳು, ಹತ್ತಿ ಬಟ್ಟೆ ಎಲ್ಲ ಜೋಡಿಸಿಕೊಂಡು ಕೂತರು. ನನ್ನನ್ನೂ ಕೂರಿಸಿಕೊಂಡರು. ನಾನು ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಗಾಜಿನ ಕೊಳವೆ ತೊಳೆದು ತೊಳೆದು ನನ್ನ ಕೈ ಪಳಗಿದೆ ಎಂಬುದು ಅವರ ನಂಬಿಕೆ.

ಮನೆಯಲ್ಲಿ ನಾವು ಆಡುವುದು ದಖ್ಖನಿ ಉರ್ದು. ಆದರೆ ಏನನ್ನಾದರೂ ಕಲಿಸಲು ಹೊರಟರೆ ಅಬ್ಬಾ ತಮಗೇ ಗೊತ್ತಿಲ್ಲದೆ ಕನ್ನಡಕ್ಕೆ ಹೊರಳುತ್ತಿದ್ದರು. ಆಯುಷ್ಯವೆಲ್ಲ ಕನ್ನಡದಲ್ಲಿ ಕಲಿಸಿದ ನಾಲಿಗೆ.

"ನೋಡು, ಮೊದ್ಲು ಬಿಚ್ಚಿದ್ದನ್ನ ಎಡಗಡೆಯಿಂದ ಸಾಲಾಗಿ ಇಡು. ಜೋಡಿಸೋವಾಗ ಬಲಗಡೆಯಿಂದ ಎತ್ಕೊಂಡು ಬಂದ್ರಾಯ್ತು."

ಹಿಡಿಕೆ ಬಿಚ್ಚಿದೆವು. ಉರುಳೆಯನ್ನು ಹೊರಗೆಳೆದೆವು. ಅದಕ್ಕೆ ಅಂಟಿದ್ದ ಗ್ರೀಸು ವಯಸ್ಸಾಗಿ ಹಳದಿ ಬೆಲ್ಲದ ಪಾಕದಂತಾಗಿತ್ತು. ಎಣ್ಣೆಯ ಒಂದು ಹನಿ ಉಳಿದರೂ ಮದ್ದಿನ ಕಾಳು ಅದಕ್ಕೆ ಅಂಟಿ, ಒಂದು ತೋಟಾಕ್ಕೆ ಕಡಿಮೆ ಬಿದ್ದು ಮುಂದಿನದಕ್ಕೆ ಹೆಚ್ಚು ಬೀಳುತ್ತದೆ. ಹೆಚ್ಚು ಬಿದ್ದರೆ ರೈಫಲ್ಲು ಮುಖದ ಹತ್ತಿರವೇ ಸಿಡಿಯಬಹುದು. ಆದ್ದರಿಂದ ಅಬ್ಬಾ ಒರೆಸಿದ ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಕಲೆ ಕಾಣದಿರುವವರೆಗೆ ಒರೆಸಿಸಿದರು. ತಿರುಪಿನ ಸುತ್ತುಗಳಲ್ಲಿ ಕೂತದ್ದನ್ನು ಬ್ರಶ್ಶಿನಿಂದ ಕೆದಕಿದೆ. ಪ್ಲಾಸ್ಟಿಕ್ ಡಬ್ಬಿಯನ್ನು ಅವರೇ ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಒರೆಸದೆ ಹಾಗೇ ಬೋರಲು ಹಾಕಿದರು.

"ಯಾಕೆ ಒರೆಸಲ್ಲ?"

"ಪ್ಲಾಸ್ಟಿಕ್ಕನ್ನ ಬಟ್ಟೆಲಿ ಉಜ್ಜಿದ್ರೆ ಕರೆಂಟ್ ಹುಟ್ಟತ್ತೆ. ಮದ್ದು ಗೋಡೆಗೇ ಅಂಟ್ಕೊಂಡು ಕೂರತ್ತೆ. ಲ್ಯಾಬಲ್ಲಿ ಇದ್ಕೊಂಡು ಇದು ಗೊತ್ತಿಲ್ವಾ?"

ನಾನು ನಕ್ಕೆ. ಅವರೂ ನಕ್ಕರು. ಅಷ್ಟು ಹೊತ್ತಿಗೆ ಪಕ್ಕದ ಮಹಡಿಯಿಂದ ಅಂಕಲ್ ಇಣುಕಿದರು.

ಅಂಕಲ್ ನಮ್ಮ ಪಕ್ಕದ ಮನೆಯವರು. ಯಾವುದೋ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾಗಿ, ಬಡಾವಣೆಯ ಸಂಘದ ಉಸ್ತುವಾರಿ ಹೊತ್ತುಕೊಂಡಿದ್ದರು. ನಾವು ಆ ಬೀದಿಗೆ ಬಂದಾಗಿನಿಂದ ಅವರ ಪರಿಚಯ. ಅವರು ಊರಿಗೆ ಹೋಗುವಾಗ ಮನೆಯ ಬೀಗದ ಕೈ ನಮ್ಮಲ್ಲಿ ಬಿಟ್ಟು ಹೋಗುತ್ತಿದ್ದರು, ಆಮೇಲಾಮೇಲೆ ಒಂದು ಕೈ ನಮ್ಮ ಫ್ರಿಜ್ಜಿನ ಮೇಲೆಯೇ ಖಾಯಮ್ಮಾಗಿ ಉಳಿದಿತ್ತು. ಅವರ ಹೆಂಡತಿ ಆಂಟಿಗೆ ಒಮ್ಮೆ ಸಕ್ಕರೆ ಇಳಿದು ಬಿದ್ದಾಗ ಆ ಬೀಗದ ಕೈಯಿಂದ ಬಾಗಿಲು ತೆಗೆದು ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದು ಅಮ್ಮಿ ಮತ್ತು ನಾನು.

"ಏನ್ ಮೇಷ್ಟ್ರೇ, ಅಪ್ಪ ಮಗಳು ಏನೋ ಜೋರಾಗಿ ರಿಪೇರಿ ನಡೆಸ್ತಿದೀರ?"

"ರಿಪೇರಿ ಅಲ್ಲ ಸರ್, ಸ್ನಾನ ಮಾಡಿಸ್ತಿದೀವಿ. ಮದ್ದು ಅಳೆಯೋ ಮಿಷನ್ನು. ಬನ್ನಿ, ತೋರಿಸ್ತೀನಿ."

ಅಂಕಲ್ ಬಂದರು. ಅಮ್ಮಿ ಚಹಾ ಕೊಟ್ಟರು. ಆ ಹೊತ್ತಿಗೆ ಭಾಗಗಳೆಲ್ಲ ಒಣಗಿದ್ದರಿಂದ ಅಬ್ಬಾ ಎಲ್ಲವನ್ನೂ ಕೆಳಗಿನ ತಮ್ಮ ಕೋಣೆಗೆ ತಂದು ಜೋಡಿಸಿದರು. ಪೆನ್ಸಿಲ್ಲಿನ ಸೀಸವನ್ನು ನುಣ್ಣಗೆ ಮಾಡಿದಂಥ ಗ್ರಾಫೈಟ್ ಪುಡಿಯನ್ನು ಬೆರಳಿನಿಂದ ಉರುಳೆಗೆ ಸವರಿ, ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿದರು. ಆಮೇಲೆ ಕಬ್ಬಿಣದ ಬೀರುವಿನ ಬೀಗ ತೆಗೆದು ಮದ್ದಿನ ಡಬ್ಬ ಹೊರಗೆ ತಂದರು. ಹೊಸದಾಗಿ ತೊಳೆದ ಮೆಷರಿಗೆ ಮೊದಲು ಒಂದು ಸಲ ಮದ್ದು ತುಂಬಿ, ಪೂರ್ತಿ ಹಾಯಿಸಿ, ಮತ್ತೆ ಡಬ್ಬಕ್ಕೆ ಸುರಿಯಬೇಕು. ಒಳಗಿನ ಲೋಹಕ್ಕೆ ಮದ್ದಿನದೇ ತೆಳುವಾದ ಲೇಪ ಕೂತ ಮೇಲೆ ಅಳತೆ ಒಂದೇ ಸಮ ನಿಲ್ಲುತ್ತದೆ. ಇದನ್ನೆಲ್ಲ ಅಬ್ಬಾ ಅಂಕಲ್‌ಗೆ ತರಗತಿಯಲ್ಲಿ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು. ಹಿಡಿಕೆ ಎತ್ತಿ ಇಳಿಸಿ, ಬಿದ್ದ ಮದ್ದನ್ನು ತಕ್ಕಡಿಯಲ್ಲಿ ತೂಗಿ, "ನೋಡಿ ಸರ್, ಮುಳ್ಳು ಅಲ್ಲಾಡ್ತಾ ಇಲ್ಲ" ಎಂದು ತೋರಿಸಿದರು. ಲೈಸೆನ್ಸನ್ನೂ ತೆಗೆದು ತೋರಿಸಿದರು, ಯಾರೂ ಕೇಳದಿದ್ದರೂ.

"ಭಾರಿ ಇದೆ ಕಣ್ರೀ ಮೇಷ್ಟ್ರೇ. ಒಂದು ಫೋಟೋ ತಗೊಳ್ಳಲಾ?"

ಅಬ್ಬಾ ತಲೆಗೂದಲು ಸರಿಮಾಡಿಕೊಂಡು, ಒಂದು ಕೈ ಹಿಡಿಕೆಯ ಮೇಲಿಟ್ಟು ನಿಂತರು. ನಗುತ್ತಿದ್ದರು.

ಬುಧವಾರ ಬೆಳಗ್ಗೆ ಪೊಲೀಸರು ಬಂದರು. ಅಬ್ಬಾ ಚಹಾದ ಲೋಟ ಹಿಡಿದು ಪೇಪರ್ ಓದುತ್ತಿದ್ದರು. ನಾನು ಕಾಲೇಜಿಗೆ ಹೊರಟು ಚಪ್ಪಲಿ ಹಾಕುತ್ತಿದ್ದೆ. ಒಬ್ಬ ಎಸ್‌ಐ, ಇಬ್ಬರು ಪೇದೆಗಳು, ಒಬ್ಬ ಮಹಿಳಾ ಪೇದೆ. ಗೇಟಿನಾಚೆ ಜೀಪು.

"ಮನೇಲಿ ಮದ್ದು ಇಟ್ಕೊಂಡಿದೀರಂತೆ?" ಎಂದರು ಎಸ್‌ಐ.

"ಹೌದು ಇದೆ. ಬನ್ನಿ, ತೋರಿಸ್ತೀನಿ" ಎಂದರು ಅಬ್ಬಾ, ಭಾನುವಾರ ಅಂಕಲ್‌ಗೆ ಹೇಳಿದ ಅದೇ ದನಿಯಲ್ಲಿ.

ಅಬ್ಬಾ ಬೀರು ತೆರೆದರು. ಲೈಸೆನ್ಸ್, ಅನುಮತಿ ಪತ್ರ, ಕ್ಲಬ್ಬಿನ ಕಾರ್ಡು, ಮದ್ದು ಕೊಂಡ ಅಂಗಡಿಯ ರಸೀದಿ, ಎಲ್ಲವನ್ನೂ ಮೇಜಿನ ಮೇಲಿಟ್ಟರು. ಎಸ್‌ಐ ಒಂದೊಂದನ್ನೂ ಎತ್ತಿ ನೋಡಿದರು. ನೋಡಿದ್ದು ಸುಳ್ಳಲ್ಲ. ನೋಡಿ ಮುಗಿದ ಮೇಲೆ ತಮ್ಮ ಫೋನ್ ತೆಗೆದು ಅಬ್ಬಾನ ಮುಂದೆ ಹಿಡಿದರು. ಅದರಲ್ಲಿ ಅಬ್ಬಾ ನಗುತ್ತ ನಿಂತಿದ್ದರು. ಫೋಟೋದ ಕೆಳಗೆ, ನಮ್ಮ ಬೀದಿಯ ಹೆಸರಿನೊಂದಿಗೆ, ಮನೆಯೊಳಗೆ ಮದ್ದು ತಯಾರಾಗುತ್ತಿದೆ, ಎಲ್ಲರೂ ಎಚ್ಚರದಿಂದಿರಿ ಎಂದು ಬರೆದಿತ್ತು. ಅದು ಎಷ್ಟು ಗುಂಪುಗಳನ್ನು ದಾಟಿ ಬಂದಿತ್ತೋ, ಫೋಟೋ ಮಸುಕಾಗಿ ಹೋಗಿತ್ತು.

"ಕಾಗದ ಎಲ್ಲಾ ಸರಿ ಇದೆಯಲ್ಲ ಸರ್" ಎಂದೆ ನಾನು.

"ಇರ್ಲಿ ಮೇಡಂ. ಮೇಲಿನಿಂದ ಫೋನ್ ಬಂದಿದೆ. ಸ್ಟೇಷನ್ನಿಗೆ ಬಂದು ಒಂದು ಹೇಳಿಕೆ ಕೊಡ್ಲಿ ಅಷ್ಟೇ." ಆಮೇಲೆ ನನ್ನ ಭುಜದ ಚೀಲ ನೋಡಿ, "ನೀವೇನ್ ಕೆಲ್ಸ ಮಾಡೋದು?" ಎಂದರು.

"ಕಾಲೇಜಲ್ಲಿ. ಕೆಮಿಸ್ಟ್ರಿ ಲ್ಯಾಬ್."

ಎಸ್‌ಐ ಪೇದೆಯ ಮುಖ ನೋಡಿದರು. ಪೇದೆ ಅದನ್ನು ಬರೆದುಕೊಂಡ. ಮಹಿಳಾ ಪೇದೆ ನನ್ನ ಕೋಣೆ ಎಲ್ಲಿ ಎಂದು ಕೇಳಿದಳು. ನನ್ನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಕೊಡವಿದಳು. ಬಟ್ಟೆಗಳನ್ನು ಮಂಚದ ಮೇಲೆ ಸುರಿದಳು. ಸಭ್ಯಳಾಗಿಯೇ ಮಾಡಿದಳು, "ಸಾರಿ ಮೇಡಂ" ಎನ್ನುತ್ತಲೇ.

ರೈಫಲ್ಲು, ಮದ್ದಿನ ಡಬ್ಬ, ತಕ್ಕಡಿ, ಮೆಷರ್ ಎಲ್ಲವೂ ಜೀಪಿಗೆ ಹೋದವು. ಪೇದೆ ಮೆಷರನ್ನು ಹಿಡಿಕೆ ಹಿಡಿದು, ಬಕೆಟ್ ಎತ್ತುವಂತೆ ಎತ್ತಿದ. "ಹಾಗೆ ಹಿಡೀಬೇಡಿ, ಕೆಳಗೆ ಕೈ ಕೊಡಿ" ಎಂದು ಅಬ್ಬಾ ಅವನ ಹಿಂದೆಯೇ ಹೋದರು. ಬೀದಿಯ ಎಲ್ಲ ಮಹಡಿಗಳಲ್ಲೂ ಜನ ನಿಂತಿದ್ದರು. ಅಂಕಲ್ ಮನೆಯ ಕಿಟಕಿಯ ಪರದೆ ಇಳಿಬಿಟ್ಟಿತ್ತು.

ಅಂದು ಅಬ್ಬಾನನ್ನು ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದ್ದರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಬೇರೆ ಬೇರೆ ಜನ ಬಂದು ಅದೇ ಪ್ರಶ್ನೆಗಳನ್ನು ಕೇಳಿದರು. ನಾನು ಹೊರಗೆ ನಿಂತು ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದೆ.

"ಫಾರಿನ್ನಿಗೆ ಹೋಗಿದೀರಾ?"

"ಹಜ್‌ಗೆ ಹೋಗಿದ್ದೆ."

"ಅಲ್ಲಿ ಯಾರ್ ಯಾರನ್ನ ಭೇಟಿ ಆದ್ರಿ?"

"ಸ್ವಾಮಿ, ಹಜ್‌ಗೆ ಹೋದವರು ಯಾರನ್ನ ಭೇಟಿ ಆಗ್ತಾರೆ?"

"ನಿಮ್ಮನೆಗೆ ಯಾರ್ ಬಂದು ಹೋಗಿ ಮಾಡ್ತಾರೆ?"

"ಪಕ್ಕದ ಮನೆಯವರು ಬರ್ತಾರೆ" ಎಂದರು ಅಬ್ಬಾ.

ನಾನು ಕ್ಲಬ್ಬಿನ ಕಾರ್ಯದರ್ಶಿಗೆ ಫೋನ್ ಮಾಡಿದೆ. ಅಬ್ಬಾ ಅಲ್ಲಿ ಸದಸ್ಯರಷ್ಟೇ ಆಗಿರಲಿಲ್ಲ. ಹೊಸದಾಗಿ ಸೇರಿದವರಿಗೆ ಉಸಿರು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಪುಕ್ಕಟೆಯಾಗಿ ಕಲಿಸುತ್ತಿದ್ದರು. ಕಾರ್ಯದರ್ಶಿಯ ಮಗಳಿಗೂ ಕಲಿಸಿದ್ದರು. "ನೀವು ಬಂದು, ಇವರು ನಮ್ಮ ಕ್ಲಬ್ಬಿನವರು ಅಂತ ಒಂದು ಮಾತು ಹೇಳಿದ್ರೆ ಸಾಕು ಸರ್" ಎಂದೆ.

"ನೋಡ್ತೀನಮ್ಮ. ಕಮಿಟಿಯವರನ್ನ ಕೇಳ್ಬೇಕು. ನಮ್ಮ ಕ್ಲಬ್ಬಿಗೂ ಲೈಸೆನ್ಸ್ ಇದೆಯಲ್ಲ, ಅರ್ಥ ಮಾಡ್ಕೊ" ಎಂದರು. ಬರಲಿಲ್ಲ.

ಬಂದವರು ಕರ್ನಲ್ ಸಾಹೇಬರು. ಮೆಷರ್ ಅವರದಾಗಿದ್ದರಿಂದ ಅವರಿಗೂ ಫೋನ್ ಹೋಗಿತ್ತು. ಡ್ರೈವರನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಇನ್ಸ್‌ಪೆಕ್ಟರ್ ಎದ್ದು ನಿಂತು ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ಅಬ್ಬಾ ಬೆಂಚಿನ ಮೇಲೆಯೇ ಕೂತಿದ್ದರು. ಒಳಗೆ ಕರ್ನಲ್ ಸಾಹೇಬರು ಆಡಿದ ಮಾತು ಒಂದೆರಡೇ. "ಇವರು ನನಗೆ ಗೊತ್ತಿರೋರು. ಮೆಷಿನ್ ನಂದು." ಅಷ್ಟಕ್ಕೆ ಅಬ್ಬಾನನ್ನು ಮನೆಗೆ ಕಳಿಸಿದರು. ಆ ಮೇಜಿನ ಮೇಲೆ ಬೆಳಗ್ಗೆಯಿಂದ ಬಿದ್ದಿದ್ದ ಸರ್ಕಾರದ ಮೊಹರಿನ ಕಾಗದಗಳಿಗಿಲ್ಲದ ಬೆಲೆ ಆ ಎರಡು ಮಾತಿಗಿತ್ತು. ಅಬ್ಬಾ ಕರ್ನಲ್ ಸಾಹೇಬರ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಉಪಕಾರ ಮರೆಯಲ್ಲ ಸರ್" ಎಂದರು. ಅವರ ದನಿ ಪಕ್ಕದಲ್ಲಿ ನಿಂತವರಿಗಷ್ಟೇ ಕೇಳುವಂತಿತ್ತು. ಡ್ರಿಲ್ ಮೈದಾನದ ಆ ತುದಿಯಿಂದ ಈ ತುದಿಗೆ ಕೇಳುತ್ತಿದ್ದ ದನಿ ಅದು. ಏನು ಉಪಕಾರ ಎಂದು ನನಗೆ ಕೂಗಬೇಕೆನಿಸಿತು. ಕೂಗಲಿಲ್ಲ, ಆಟೋ ಹಿಡಿದೆ.

ಕೇಸು ಆಗಲಿಲ್ಲ. ಆಗಲು ಏನೂ ಇರಲಿಲ್ಲ. ಆದರೆ ಸಾಮಾನುಗಳನ್ನು ಪರೀಕ್ಷೆಗೆ ಕಳಿಸಿದ್ದೇವೆ, ವರದಿ ಬರಬೇಕು ಎಂದರು. ಕಾಲೇಜಿನಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆದು, ಕುಡಿಯಲು ನೀರು ಕೊಟ್ಟು, "ನನಗೇನೂ ಅನುಮಾನ ಇಲ್ಲಮ್ಮ, ಪೇರೆಂಟ್ಸ್ ಕೇಳ್ತಿದಾರೆ, ಸ್ವಲ್ಪ ದಿನ ರಜೆ ಹಾಕಿ" ಎಂದರು. ರಜೆ ಮುಗಿಸಿ ಹೋದಾಗ ಲ್ಯಾಬಿನ ಬೀರುಗಳ ಬೀಗದ ಕೈಗೊಂಚಲು ನನ್ನ ಸಹೋದ್ಯೋಗಿಯ ಸೊಂಟದಲ್ಲಿತ್ತು. ಅದು ಇವತ್ತಿಗೂ ಅಲ್ಲೇ ಇದೆ. ಆಸಿಡ್ ಬೇಕಾದರೆ ನಾನು ಅವಳನ್ನು ಕೇಳಬೇಕು.

ಇನ್ನೊಂದು ಬೀಗದ ಕೈಯ ವಿಷಯ. ಪೊಲೀಸರು ಬಂದು ಹೋದ ವಾರದಲ್ಲೇ ಒಂದು ಮಧ್ಯಾಹ್ನ ಆಂಟಿ ನಮ್ಮ ಮನೆಯ ಗೇಟಿನವರೆಗೆ ಬಂದರು. ಒಳಗೆ ಬರಲಿಲ್ಲ.

"ನಮ್ಮನೆ ಕೀ ಒಂದು ನಿಮ್ಮತ್ರ ಇತ್ತಲ್ಲ ಕಣ್ರೀ. ನಮ್ಮದು ಕಳ್ದೋಗಿದೆ, ಅದಕ್ಕೆ..."

ಅಮ್ಮಿ ಫ್ರಿಜ್ಜಿನ ಮೇಲಿಂದ ಬೀಗದ ಕೈ ತಂದು, ಸೆರಗಿನಿಂದ ಒರೆಸಿ, ಅವರ ಅಂಗೈಯಲ್ಲಿಟ್ಟರು. ಒಳಗೆ ಬಂದ ಅಮ್ಮಿ ಅಡುಗೆಮನೆಯಲ್ಲಿ ನಿಂತೇ ಇದ್ದರು. "ಹೋಗಿ ಕೇಳ್ಲಾ ನಾನು, ಯಾಕೆ ಹೀಗೆ ಮಾಡಿದ್ರಿ ಅಂತ?" ಎಂದೆ. "ನಕ್ಕೋ, ಬೇಡ" ಎಂದರು ಅಮ್ಮಿ, "ಇಲ್ಲೇ ಬದುಕಬೇಕು ನಾವು."

ಆದರೂ ನಾನು ಕೇಳಿದೆ. ಹಾಲಿನ ಅಂಗಡಿಯ ಮುಂದೆ ಅಂಕಲ್ ಎದುರಾದರು. ನೋಡದಂತೆ ಹೋಗಲಿದ್ದವರನ್ನು ನಿಲ್ಲಿಸಿದೆ.

"ಅಬ್ಬಾ ನಿಮಗೆ ಎಲ್ಲಾ ತೋರಿಸಿದ್ರಲ್ಲ ಅಂಕಲ್. ಲೈಸೆನ್ಸ್ ಕೂಡ ತೋರಿಸಿದ್ರು."

"ಅಯ್ಯೋ, ನಾನೆಲ್ಲಮ್ಮ ಪೊಲೀಸ್‌ಗೆ ಹೇಳಿದೆ? ಸಂಘದ ಗ್ರೂಪಲ್ಲಿ ಕೇಳ್ದೆ ಅಷ್ಟೇ, ಹಿಂಗೆಲ್ಲಾ ಮನೇಲಿ ಇಟ್ಕೋಬಹುದಾ ಅಂತ. ಯಾರೋ ಮುಂದಕ್ಕೆ ಕಳಿಸಿಬಿಟ್ರು. ನಾನೇನ್ ಮಾಡ್ಲಿ?"

"ಕೇಳೋದಿದ್ರೆ ಅಬ್ಬಾನ್ನೇ ಕೇಳ್ಬಹುದಿತ್ತಲ್ಲ. ನಮ್ಮನೇಲೇ ಕೂತಿದ್ರಿ."

ಅವರಿಗೆ ಸಿಟ್ಟು ಬಂತು. "ನೋಡಮ್ಮ, ನಿಮ್ಮಪ್ಪ ಒಳ್ಳೆ ಮನುಷ್ಯ, ಇಲ್ಲ ಅನ್ನಲ್ಲ. ಆದ್ರೆ ಕಾಲ ಹೆಂಗಿದೆ? ನಾಳೆ ಏನಾದ್ರೂ ಆದ್ರೆ ಸಂಘದವರು ಏನ್ ಮಾಡ್ತಿದ್ರಿ ಅಂತ ನಮ್ಮನ್ನೇ ಕೇಳ್ತಾರೆ. ಜಾಗ್ರತೆ ತಗೊಂಡ್ರೆ ತಪ್ಪಾ?"

ಹಾಲಿನ ಪ್ಯಾಕೆಟ್ಟು ಕೈಯಲ್ಲಿ ಹಿಡಿದು ಅವರು ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದರು. ಅವರಿಗೆ ತಾವು ತಪ್ಪು ಮಾಡಿದ್ದೇವೆಂದು ಒಳಗೊಳಗೂ ಅನ್ನಿಸಿರಲಿಲ್ಲ. ಅದು ಗೊತ್ತಾದ ಮೇಲೆ ನಾನು ಹಾಲು ಕೊಳ್ಳದೆ ಮನೆಗೆ ಹೊರಟೆ. ಅವತ್ತಿನಿಂದ ನಾನು ಅವರ ಜೊತೆ ಮಾತಾಡಿಲ್ಲ.

ಅಬ್ಬಾ ತಿಂಗಳುಗಟ್ಟಲೆ ಠಾಣೆಗೆ ಅಲೆದರು. ಹೋದಾಗೆಲ್ಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದರು. ನಾಳೆ ಬನ್ನಿ, ಸೋಮವಾರ ಬನ್ನಿ, ಸಾಹೇಬರು ಬಂದೋಬಸ್ತಿಗೆ ಹೋಗಿದಾರೆ. ಕೊನೆಗೊಂದು ದಿನ ಸಾಮಾನು ಒಯ್ಯಲು ಹೇಳಿದರು. ರೈಫಲ್ಲನ್ನು ಬಂದೂಕಿನ ಅಂಗಡಿಯಲ್ಲಿ ಠೇವಣಿ ಇಟ್ಟು, ಉಳಿದದ್ದನ್ನು ಮನೆಗೆ ತಂದೆವು. ಮದ್ದಿನ ಡಬ್ಬ ಮಾತ್ರ ವಾಪಸ್ಸು ಸಿಗಲಿಲ್ಲ. ಅಬ್ಬಾ ಅದನ್ನು ಕೇಳಲೂ ಇಲ್ಲ.

ಗೋಣಿಚೀಲದಿಂದ ಮೆಷರನ್ನು ಹೊರಗೆ ತೆಗೆದಾಗ ಅಮ್ಮಿ "ಯಾ ಅಲ್ಲಾ" ಎಂದರು. ಪ್ಲಾಸ್ಟಿಕ್ ಡಬ್ಬಿ ಮೇಲಿನಿಂದ ಕೆಳಗೆ ಸೀಳಿತ್ತು. ಹಸಿರು ಮೈಯ ಮೇಲೆ ಯಾರೋ ಕೆಂಪು ಪೇಂಟಿನಲ್ಲಿ ನಂಬರು ಬರೆದಿದ್ದರು. ಹಿಡಿಕೆ ಬಗ್ಗಿತ್ತು. ಒಳಗೆ ಉಳಿದಿದ್ದ ಮದ್ದಿನ ಪುಡಿ ತೇವ ಹೀರಿಕೊಂಡು ಗಟ್ಟಿಯಾಗಿ, ಉರುಳೆ ಜಪ್ಪಯ್ಯ ಎಂದರೂ ತಿರುಗುತ್ತಿರಲಿಲ್ಲ. ತುಕ್ಕು ಕಂಡು ಮರುಗಿದ ಯಾರೋ ಒಬ್ಬರು ಮೇಲಿನಿಂದ ಧಾರಾಳವಾಗಿ ಎಣ್ಣೆ ಸುರಿದಿದ್ದರು. ಇಡೀ ಯಂತ್ರ ಕಪ್ಪು ಜಿಡ್ಡಿನ ಮುದ್ದೆಯಾಗಿತ್ತು.

ಮಾರನೆಯ ದಿನ ಬೆಳಗ್ಗೆ ಬಚ್ಚಲುಮನೆಯಲ್ಲಿ ನೀರಿನ ಸದ್ದು ಕೇಳಿ ಹೋದೆ. ಅಬ್ಬಾ ಪ್ಲಾಸ್ಟಿಕ್ ಮಣೆ ಹಾಕಿಕೊಂಡು, ಕಿಟಕಿ ಮುಚ್ಚಿ, ದೀಪ ಹಾಕಿಕೊಂಡು ಕೂತಿದ್ದರು. ಮುಂದೆ ಮೆಷರ್.

"ಮಹಡಿ ಮೇಲೆ ಬಿಸಿಲಿದೆಯಲ್ಲ ಅಬ್ಬಾ."

"ಬೇಡ. ಇಲ್ಲೇ ಆಗತ್ತೆ."

ನಾನೂ ಕೂತೆ. ಕೂರಲು ಇಷ್ಟವಿರಲಿಲ್ಲ, ಆದರೆ ಅವರೊಬ್ಬರೇ ಉಜ್ಜುವುದನ್ನು ನೋಡುತ್ತ ನಿಂತಿರಲು ಆಗಲಿಲ್ಲ. ಮೊದಲು ನೀರಿನಲ್ಲಿ ನೆನೆಸಿ ಗಟ್ಟಿಯಾದ ಮದ್ದನ್ನು ಕರಗಿಸಲು ನೋಡಿದೆವು. ಅದು ಕರಗುವಂಥದ್ದಲ್ಲ. ಬಿದಿರು ಕಡ್ಡಿಯನ್ನು ಚೂಪು ಮಾಡಿ, ಒದ್ದೆಯಾಗಿರುವಾಗಲೇ ಕಾಳು ಕಾಳಾಗಿ ಕೆದಕಿ ತೆಗೆದೆವು. ಕಬ್ಬಿಣದ ಚೂಪು ತಾಗಿಸಲು ಅಬ್ಬಾ ಬಿಡಲಿಲ್ಲ, ಗೀರು ಬಿದ್ದರೆ ಅಳತೆ ಹೋಯಿತು ಎಂದರು. ಮಧ್ಯಾಹ್ನದ ಹೊತ್ತಿಗೆ ಉರುಳೆ ಅಲುಗಾಡಿತು. ಹೊರಗೆ ತೆಗೆದು ನೋಡಿದರೆ ಅದರ ಮೈತುಂಬ ತುಕ್ಕಿನ ಚುಕ್ಕೆಗಳು, ಸಿಡುಬು ಎದ್ದ ಹಾಗೆ.

ಅಬ್ಬಾ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒಂದೊಂದು ಚುಕ್ಕೆಯನ್ನೂ ಉಜ್ಜತೊಡಗಿದರು.

"ಯಾರಿಗೋಸ್ಕರ ಅಬ್ಬಾ ಇದು?" ಎಂದೆ. ನನ್ನ ದನಿ ಏರಿತ್ತು. "ಮದ್ದಿಲ್ಲ, ರೈಫಲ್ ಅಂಗಡೀಲಿದೆ, ಕ್ಲಬ್ಬಿನವರು ಫೋನ್ ಸಹ ಮಾಡಿಲ್ಲ. ಇದನ್ನ ತೊಳೆದು ಏನ್ ಮಾಡ್ತೀರಿ?"

"ಕರ್ನಲ್ ಸಾಹೇಬ್ರಿಗೆ ವಾಪಸ್ ಕೊಡ್ತೀನಿ."

"ಅವರು ಕೊಟ್ಟಿದ್ದು ನಿಮಗೆ."

"ಕೊಟ್ಟಾಗ ಹೆಂಗಿತ್ತೋ ಹಂಗೆ ಕೊಡ್ಬೇಕು. ಕೆಟ್ಟದ್ದನ್ನ ಕೊಟ್ರೆ ಏನ್ ಅಂದ್ಕೋತಾರೆ?"

"ಕೆಡಿಸಿದ್ದು ನೀವಲ್ಲ!"

ಅಬ್ಬಾ ಉಜ್ಜುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. "ಜೋರಾಗಿ ಮಾತಾಡ್ಬೇಡ" ಎಂದರು, "ಕಿಟಕಿ ಆಚೆ ಕೇಳತ್ತೆ."

ಆ ಕೆಲಸ ಒಂದು ದಿನದಲ್ಲಿ ಮುಗಿಯಲಿಲ್ಲ. ಕೆಂಪು ಪೇಂಟನ್ನು ಅವರು ಉಗುರಿನಿಂದ ಎಬ್ಬಿಸಿದರು. ಯಶವಂತಪುರದ ಲೇತ್ ಅಂಗಡಿಗೆ ಹೋಗಿ ಹಿಡಿಕೆಯನ್ನು ನೆಟ್ಟಗೆ ಮಾಡಿಸಿಕೊಂಡು ಬಂದರು. ಸೀಳಿದ ಡಬ್ಬಿಯ ಬದಲು ಅದೇ ಅಳತೆಯ ಬೇರೊಂದು ಪ್ಲಾಸ್ಟಿಕ್ ಕೊಳವೆ ಹುಡುಕಿ ತಂದು ಕೂರಿಸಿದರು. ಉರುಳೆಗೆ ಮತ್ತೆ ಗ್ರಾಫೈಟ್ ಸವರಿದರು. ಹಾಯಿಸಿ ನೋಡಲು ಮದ್ದು ಇರಲಿಲ್ಲ, ಠಾಣೆಯಿಂದ ಬಂದ ತಕ್ಕಡಿಯ ಮುಳ್ಳು ಮುರಿದಿತ್ತು. ಅಮ್ಮಿಯ ಹತ್ತಿರ ಗಸಗಸೆ ಕೇಳಿ ಇಸಿದುಕೊಂಡು ಅದನ್ನೇ ತುಂಬಿ, ಹಿಡಿಕೆ ಎತ್ತಿ ಇಳಿಸಿ, ಲ್ಯಾಬಿನ ತಕ್ಕಡಿಯಲ್ಲಿ ತೂಗಿಸಿಕೊಂಡು ಬಾ ಎಂದು ನನಗೆ ಪೊಟ್ಟಣ ಕಟ್ಟಿಕೊಟ್ಟರು. ನಾನು ಕಾಲೇಜಿಗೆ ಒಯ್ಯಲಿಲ್ಲ. ಪುಡಿಯಂಥ ಏನನ್ನೋ ಪೊಟ್ಟಣ ಕಟ್ಟಿಕೊಂಡು ಆ ಲ್ಯಾಬಿಗೆ ಹೋಗುವುದು ನನ್ನಿಂದ ಸಾಧ್ಯವಿರಲಿಲ್ಲ. ಹಾಗೆಂದು ಅಬ್ಬಾಗೆ ನೇರವಾಗಿಯೇ ಹೇಳಿದೆ. ಅವರು ಅರ್ಥವಾಯಿತೆಂದು ತಲೆಯಾಡಿಸಿ, ಪೊಟ್ಟಣ ಬಿಚ್ಚಿ ಗಸಗಸೆಯನ್ನು ಅಮ್ಮಿಯ ಡಬ್ಬಿಗೆ ಸುರಿದರು.

ಮೆಷರ್ ಒಪ್ಪಿಸಲು ಸಹಕಾರನಗರಕ್ಕೆ ನಾನೂ ಜೊತೆಗೆ ಹೋದೆ. ಕರ್ನಲ್ ಸಾಹೇಬರು ಬೇಡ, ನೀವೇ ಇಟ್ಟುಕೊಳ್ಳಿ ಎನ್ನುತ್ತಾರೆ, ಅಷ್ಟಾದರೂ ಅನ್ನಲಿ ಎಂದು ನನ್ನೊಳಗೆ ಒಂದು ಆಸೆಯಿತ್ತು. ಅವರು ಮೆಷರಿನ ಮೇಲೆ ಕೈಯಾಡಿಸಿದರು. ಮಂಜು ಕಣ್ಣಿಗೆ ತುಕ್ಕಿನ ಗುರುತು ಕಂಡಿತೋ ಇಲ್ಲವೋ, "ಚೆನ್ನಾಗಿ ಮೇಂಟೇನ್ ಮಾಡಿದೀರಿ" ಎಂದರು. ಆಮೇಲೆ, "ಒಳ್ಳೇದು ಮಾಡಿದ್ರಿ ಮೇಷ್ಟ್ರೇ, ವಾಪಸ್ ತಂದು. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ, ನಿಮ್ಮಂಥವರಿಗೆ ಈಗ ಇದೆಲ್ಲ ಯಾಕೆ ಬೇಕು" ಎಂದರು.

ನಿಮ್ಮಂಥವರು ಅಂದರೆ ವಯಸ್ಸಾದವರು ಎಂದು ಅರ್ಥ ಮಾಡಿಕೊಳ್ಳಲು ಅಬ್ಬಾ ದಾರಿಯುದ್ದಕ್ಕೂ ಪ್ರಯತ್ನಿಸಿದರು. "ಅವರೂ ಬಿಟ್ರಲ್ಲ, ಕಣ್ಣು ಕಾಣ್ದೆ. ನನಗೂ ವಯಸ್ಸಾಯ್ತು" ಎಂದು ಸ್ಕೂಟರ್ ಓಡಿಸುತ್ತಲೇ ಹೇಳಿದರು.

ಲೈಸೆನ್ಸನ್ನು ಅವರೇ ಒಪ್ಪಿಸಿಬಿಟ್ಟರು. ಯಾರೂ ರದ್ದು ಮಾಡಲಿಲ್ಲ, ಮಾಡುವ ಅಗತ್ಯವೇ ಬೀಳಲಿಲ್ಲ. ರೈಫಲ್ಲು ಅಂಗಡಿಯವನ ಮೂಲಕ ಯಾರಿಗೋ ಹೋಯಿತು. ಕ್ಲಬ್ಬಿನಿಂದ ಆಮೇಲೊಮ್ಮೆ ಕರೆ ಬಂತು, ವಾರ್ಷಿಕ ಊಟಕ್ಕೆ. ಅಬ್ಬಾ ಹುಷಾರಿಲ್ಲ ಎಂದರು.

ಈಗ ಅವರು ಬೆಳಗ್ಗೆ ಅಲ್ಲಾಳಸಂದ್ರದ ಕೆರೆಯ ಸುತ್ತ ನಡೆಯುತ್ತಾರೆ. ಕೆಲವು ದಿನ ಅಂಕಲ್ ಕೂಡ ಜೊತೆಗಿರುತ್ತಾರೆ. ಇಬ್ಬರೂ ಮೊಣಕಾಲಿನ ವಿಷಯ, ನೀರಿನ ಟ್ಯಾಂಕರಿನ ವಿಷಯ ಮಾತಾಡುತ್ತಾರಂತೆ. ಕ್ಷಮಿಸಿದ್ದೀರಾ ಎಂದು ಒಮ್ಮೆ ಕೇಳಿದ್ದಕ್ಕೆ ಅಬ್ಬಾ, "ಕ್ಷಮಿಸೋಕೆ ಅವರು ಕೇಳ್ಬೇಕಲ್ಲ" ಎಂದು ಚಪ್ಪಲಿ ಹಾಕಿಕೊಂಡು ಹೊರಟರು.

ಮೊನ್ನೆ ಭಾನುವಾರ ನಾನು ಬಟ್ಟೆ ಒಗೆದು ಮಹಡಿಯ ಮೇಲೆ ಹರವುತ್ತಿದ್ದೆ. ಅಬ್ಬಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ತಂತಿಯ ಮೇಲಿಂದ ನನ್ನ ಲ್ಯಾಬ್ ಕೋಟನ್ನು ತೆಗೆದು, ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು.

"ಇದನ್ನ ಇಲ್ಲಿ ಹಾಕ್ಬೇಡ ಬೇಟಾ. ಕಲೆ ಇದೆ ನೋಡು, ತೋಳಿನ ಹತ್ತಿರ. ಯಾರಾದ್ರೂ ಏನು ಅಂತ ಕೇಳ್ತಾರೆ."

"ಕೇಳ್ಲಿ. ಅಯೋಡಿನ್ ಅಂತ ಹೇಳ್ತೀನಿ."

"ಬೇಡ" ಎಂದರು, "ಹೇಳೋಕೆ ಹೋಗ್ಬೇಡ." ಕೋಟಿನ ನೀರು ಅವರ ಅಂಗಿಯನ್ನು ಒದ್ದೆ ಮಾಡಿತ್ತು. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು, ಅದನ್ನು ನನ್ನ ಕೋಣೆಯ ಕುರ್ಚಿಯ ಬೆನ್ನಿಗೆ ಹಾಕಿ, ಫ್ಯಾನು ತಿರುಗಿಸಿ ಹೋದರು.